ಸಾಲ ಮನ್ನಾ ಎಂದವರನ್ನು ಬಿಟ್ಟು ಪಟ್ಟಿ ಹಚ್ಚುತ್ತೇನೆ ಎಂದವರಿಗೆ ನಮ್ಮೂರು ಮತ ಹಾಕಿದ್ದೇಕೆ?

ಮುಧೋಳ ತಾಲ್ಲೂಕಿನ ರೈತ:

ಎಲ್ಲರಿಗೂ ಶರಣು ಶರಣಾರ್ಥಿ. ನಮ್ಮೂರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಕ್ಕೆ, ಅಂದರೆ ನಾವೆಲ್ಲ ಪಿಕೆಪಿಎಸ್ ಎಂದೇ ಕರೆಯುವ ಸಂಘಕ್ಕೆ, ಈಚೆಗೆ ಚುನಾವಣೆ ನಡೆಯಿತು. ಊರು ಸಣ್ಣದು, ಸಂಘವೂ ಸಣ್ಣದು. ಆದರೂ ಅಲ್ಲಿ ಕಂಡದ್ದು ತಲೆಯಿಂದ ಇಳಿಯುತ್ತಿಲ್ಲವಾದ್ದರಿಂದ ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಎರಡು ಪೆನಲ್‌ಗಳಿದ್ದವು, ಅಂದರೆ ಒಟ್ಟಾಗಿ ನಿಂತ ಅಭ್ಯರ್ಥಿಗಳ ಎರಡು ಗುಂಪು. ಮೊದಲನೆಯದರ ಮುಖಂಡರು ಮಾತಿನಲ್ಲಿ ಬಲು ಗಟ್ಟಿಗರು. ಗೆದ್ದ ತಿಂಗಳೊಳಗೆ ಎಲ್ಲರ ಬೆಳೆಸಾಲ ಮನ್ನಾ ಮಾಡಿಸುತ್ತೇವೆ ಎಂದರು. ಇಷ್ಟು ವರ್ಷ ನಿಮ್ಮನ್ನು ತುಳಿದವರು ಕಚೇರಿಯಲ್ಲಿ ಕುಳಿತವರು ಮತ್ತು ಊರಿನ ಎರಡು ಮನೆತನದವರು, ಅವರನ್ನು ಹೊರಗೆ ಹಾಕಿದರೆ ಎಲ್ಲವೂ ನೆಟ್ಟಗಾಗುತ್ತದೆ ಎಂದರು. ಅವರ ಸಭೆಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ನಾನೂ ಹೋಗಿದ್ದೆ, ಕೇಳುತ್ತ ನನ್ನ ಮೈಯೂ ಬಿಸಿಯಾಗಿತ್ತು. ಎರಡನೆಯ ಪೆನಲ್ ಕಟ್ಟಿದವರು ಮೂರು ಎಕರೆಯ ಒಬ್ಬ ರೈತ. ಅವರು ಹೇಳಿದ್ದು ಮೂರೇ ಮಾತು. ಸಾಲಕ್ಕೆ ಅರ್ಜಿ ಕೊಟ್ಟವರ ಹೆಸರನ್ನು ಪಾಳಿಯ ಪ್ರಕಾರ ಸಂಘದ ಗೋಡೆಗೆ ಹಚ್ಚುತ್ತೇನೆ. ಉತಾರದಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಹೆಸರಿರುವ ಹೆಣ್ಣುಮಕ್ಕಳಿಗೆ ಗಂಡನ ಅಥವಾ ಮೈದುನನ ಮರ್ಜಿ ಕೇಳದೆ ಸಾಲ ಕೊಡಿಸುತ್ತೇನೆ. ಇಷ್ಟು ವರ್ಷ ನೆಪ ಹೇಳಿ ಸದಸ್ಯತ್ವ ತಪ್ಪಿಸಿದ ಕೇರಿಯ ಕುಟುಂಬಗಳ ಅರ್ಜಿಯನ್ನು ಮೊದಲ ಸಭೆಯಲ್ಲೇ ತೆಗೆದುಕೊಳ್ಳುತ್ತೇನೆ. ಮೂರನೆಯ ಮಾತಿನಿಂದ ತಮಗೆ ಮತ ಕಡಿಮೆಯಾಗುವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಯಾವ ಓಣಿಯಲ್ಲಿಯೂ ಅದನ್ನು ಬಿಟ್ಟು ಮಾತಾಡಲಿಲ್ಲ.

ಮತದಾನದ ಹಿಂದಿನ ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಬಳಿ ಒಬ್ಬ ಆಯಿ ಸೆರಗಿನಲ್ಲಿ ಪಾಸ್‌ಬುಕ್ ಸುತ್ತಿಕೊಂಡು ಬಂದು, ಎಲ್ಲರೂ ಮನ್ನಾ ಅನ್ನುತ್ತಾರೆ, ನೀನೇಕೆ ಅನ್ನುವುದಿಲ್ಲ ಎಂದು ಅವರನ್ನೇ ಕೇಳಿದಳು. ಅವರು ಕಟ್ಟೆಯಿಂದ ಕೆಳಗಿಳಿದು ಆಕೆಯ ಎದುರಿಗೆ ನಿಂತು, "ಆಯಿ, ಮನ್ನಾ ಮಾಡೂದು ನನ್ನ ಕೈಯಾಗಿಲ್ಲ, ಅದು ಬೆಂಗಳೂರಾಗ ಆಗೂ ಮಾತು. ಪಾಳಿ ಪ್ರಕಾರ ಸಾಲ ಕೊಡೂದು ನನ್ನ ಕೈಯಾಗ ಐತಿ, ಅದನ್ನ ಮಾಡ್ತೀನಿ" ಎಂದರು. ಆಕೆ ತುಸು ಹೊತ್ತು ಸುಮ್ಮನೆ ನಿಂತು ಪಾಸ್‌ಬುಕ್ಕನ್ನು ಮತ್ತೆ ಸೆರಗಿಗೆ ಸೇರಿಸಿ, "ಇಲ್ಲ ಅಂದ್ರೂ ಖರೇ ಹೇಳಿದೆಪಾ" ಎಂದು ಹೊರಟುಹೋದಳು.

ಅವರು ಹೇಳಿದ್ದು ನಿಜವೂ ಹೌದು. 2017ರಲ್ಲಿ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಆದದ್ದು ರಾಜ್ಯ ಸರ್ಕಾರದ ತೀರ್ಮಾನದಿಂದ. ಯಾವ ಸಂಘದ ನಿರ್ದೇಶಕರೂ ಅದನ್ನು ಮಾಡಿರಲಿಲ್ಲ. ಮೂರು ಲಕ್ಷದವರೆಗೆ ಇದ್ದ ಬಡ್ಡಿರಹಿತ ಸಾಲದ ಮಿತಿ 2023ರಲ್ಲಿ ಐದು ಲಕ್ಷಕ್ಕೆ ಏರಿದ್ದೂ ಸರ್ಕಾರದ ಆಜ್ಞೆಯಿಂದಲೇ. ಆದರೆ ಆ ಸಾಲ ನಮ್ಮೂರಲ್ಲಿ ಯಾರ ಮನೆಗೆ ಮೊದಲು ಹೋಗುತ್ತದೆ, ಯಾರ ಅರ್ಜಿ ಕಪಾಟಿನಲ್ಲೇ ಉಳಿಯುತ್ತದೆ ಎನ್ನುವುದನ್ನು ನಿರ್ಧರಿಸುವವರು ಮಾತ್ರ ಸಂಘದವರು. ನಮ್ಮ ಮನೆಯ ಅರ್ಜಿಯೇ ಹಿಂದೆ ಎರಡು ಹಂಗಾಮು ಹಾಗೆ ಉಳಿದಿತ್ತು, ಬಿತ್ತನೆಗೆ ಖಾಸಗಿಯವರ ಹತ್ತಿರ ಕೈಯೊಡ್ಡಬೇಕಾಯಿತು.

ಎರಡನೆಯ ಪೆನಲ್ ಗೆದ್ದಿತು. ಬೀಗತನ, ಒಳಜಗಳ ಎಲ್ಲವೂ ತಮ್ಮ ಪಾಲಿನ ಕೆಲಸ ಮಾಡಿವೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹಿಂದಿನ ಸಾಮಾನ್ಯ ಸಭೆಗಳಿಗೆ ಬಾರದ ಕಾರಣ ಮತ ಹಾಕಲು ಅನರ್ಹರಾದವರ ಪಟ್ಟಿಗೆ ಸೇರಿದ್ದ ಜನ ಕೂಡ ಈ ಸಲ ಬಾಗಿಲ ಬಳಿ ನಿಂತು, ಅವರಿಗೇ ಹಾಕಿರಿ ಎಂದು ಒಳಗೆ ಹೋಗುವವರಿಗೆ ಹೇಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಮೈ ಬಿಸಿ ಮಾಡುವ ಮಾತನ್ನು ಬಿಟ್ಟು ಜನ ಇಂಥ ತಣ್ಣನೆಯ ಮಾತನ್ನು ಏಕೆ ಆರಿಸುತ್ತಾರೆ? ತಮ್ಮ ಊರುಗಳಲ್ಲಿ ಕಂಡದ್ದನ್ನು ದಯವಿಟ್ಟು ಬರೆಯಿರಿ.

ರಬಕವಿಯ ನೇಕಾರ:

ಅಣ್ಣನವರೇ, ತಮ್ಮ ಪ್ರಶ್ನೆ ಓದುತ್ತಿದ್ದಂತೆ ನನಗೆ 1991ರ ಲೋಕಸಭೆ ಚುನಾವಣೆ ನೆನಪಾಯಿತು. ನಮ್ಮ ಬಾಗಲಕೋಟೆ ಕ್ಷೇತ್ರದಲ್ಲಿ ಒಂದು ಕಡೆ ಹಿಂದೆ ಮುಖ್ಯಮಂತ್ರಿಯಾಗಿದ್ದ, ಇಡೀ ದೇಶಕ್ಕೆ ಹೆಸರು ಗೊತ್ತಿದ್ದ ರಾಮಕೃಷ್ಣ ಹೆಗಡೆಯವರು. ಇನ್ನೊಂದು ಕಡೆ ಜಮಖಂಡಿ ಸೀಮೆಯ ಸಿದ್ದು ನ್ಯಾಮಗೌಡರು. ಗೆದ್ದವರು ನ್ಯಾಮಗೌಡರು. ದೂರದ ಊರಿನವರಿಗೆ ಅದು ಅಚ್ಚರಿಯಾಗಿರಬಹುದು, ಕೃಷ್ಣೆಯ ದಂಡೆಯ ಮೇಲಿನ ನಮಗೆ ಅಷ್ಟಾಗಿ ಆಗಲಿಲ್ಲ.

ಕಾರಣ ಚಿಕ್ಕಪಡಸಲಗಿಯ ಬಳಿ ಕಟ್ಟಿದ ಬ್ಯಾರೇಜು. ಬೇಸಿಗೆ ಬಂತೆಂದರೆ ಹೊಳೆ ಬತ್ತಿ ಮರಳಾಗುತ್ತಿದ್ದ ಕಾಲ ಅದು. ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟುಕೊಂಡೂ ಕಬ್ಬು ಒಣಗುವುದನ್ನು ನೋಡುತ್ತ ಕೂರಬೇಕಿತ್ತು. ರೈತರು ತಮ್ಮತಮ್ಮಲ್ಲೇ ವಂತಿಗೆ ಕೂಡಿಸಿ, ತಾವೇ ಬಂದು ಕಲ್ಲುಮಣ್ಣು ಹೊತ್ತು 1989ರಲ್ಲಿ ಅದನ್ನು ಮುಗಿಸಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಆ ಕೆಲಸದ ಮುಂದಾಳತ್ವ ನ್ಯಾಮಗೌಡರದು, ಆಮೇಲೆ ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. ನಾನಾಗ ಹತ್ತೊಂಬತ್ತರ ಹುಡುಗ, ಅಪ್ಪನ ಜೊತೆ ಮಗ್ಗಕ್ಕೆ ಕೂರುತ್ತಿದ್ದೆ. ನಮಗೆ ಹೊಲವಿರಲಿಲ್ಲ, ನೀರು ನಿಂತರೆ ನಮ್ಮ ಮನೆಗೆ ನೇರವಾದ ಲಾಭವಿರಲಿಲ್ಲ. ಆದರೂ ಅಪ್ಪ ಒಂದು ಮಾತು ಹೇಳಿದ್ದರು: ರೈತನ ಕೈಯಲ್ಲಿ ರೊಕ್ಕ ಆಡಿದರೆ ಮದುವೆಗೆ ಸೀರೆ ಕೊಳ್ಳುತ್ತಾನೆ, ಸೀರೆ ಹೋದರೆ ನಮ್ಮ ಮಗ್ಗ ಆಡುತ್ತದೆ. ಜನ ತಮ್ಮ ಲಾಭದ ಲೆಕ್ಕವನ್ನು ಇಷ್ಟು ದೂರದವರೆಗೂ ಹಾಕುತ್ತಾರೆ.

ವಿಜಯಪುರದ ನಿವೃತ್ತ ಶಿಕ್ಷಕ:

ನೇಕಾರ ಬಂಧುಗಳ ನೆನಪು ಅಮೂಲ್ಯವಾದುದು. ಆದರೆ ಆ ಉದಾಹರಣೆಯ ಮೇಲೆ ಹೆಚ್ಚು ಭಾರ ಹಾಕಬಾರದೆಂದು ವಿನಂತಿಸುತ್ತೇನೆ. 1991ರ ಚುನಾವಣೆಯ ನಡುವೆಯೇ ರಾಜೀವ್ ಗಾಂಧಿಯವರ ಹತ್ಯೆಯಾಯಿತು, ಕಾಂಗ್ರೆಸ್ ರಾಜ್ಯದ 28 ಸ್ಥಾನಗಳಲ್ಲಿ 23ನ್ನು ಗೆದ್ದಿತು. ಆ ಅಲೆ ಬಾಗಲಕೋಟೆಯನ್ನು ಮುಟ್ಟಲಿಲ್ಲ ಎನ್ನಲಾಗದು. ಬ್ಯಾರೇಜಿನಿಂದ ಎಷ್ಟು ಮತ ಬಂದವು, ಅನುಕಂಪದಿಂದ ಎಷ್ಟು ಬಂದವು ಎಂದು ಬೇರ್ಪಡಿಸಲು ಈಗ ಯಾರಿಂದಲೂ ಆಗದು.

ಅದಕ್ಕಿಂತ ಮುಖ್ಯವಾದ ತಕರಾರು ಇನ್ನೊಂದಿದೆ. ಹೆಗಡೆಯವರನ್ನು ಬರಿಯ ಮಾತುಗಾರರ ಸಾಲಿಗೆ ಸೇರಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಅವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದು 1983ರ ಪಂಚಾಯತ್ ಕಾನೂನನ್ನು ರೂಪಿಸಿದರು. ಅದರಂತೆ 1987ರಲ್ಲಿ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಸಿಕ್ಕಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ನಮ್ಮ ರಾಜ್ಯ ಅದಕ್ಕೂ ಆರು ವರ್ಷ ಮುಂದಿತ್ತು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ನಜೀರ್ ಸಾಬರನ್ನು ಜನ ನೀರ್ ಸಾಬ್ ಎಂದು ಕರೆದದ್ದನ್ನು ಈ ಬರದ ಸೀಮೆಯಲ್ಲಿ ನನ್ನ ವಯಸ್ಸಿನವರು ಯಾರೂ ಮರೆತಿಲ್ಲ.

ಹಾಗೆಯೇ ಸುಧಾರಣೆ ಮಾಡಿದವರಿಗೆ ಜನ ಕೊನೆಯವರೆಗೂ ಮತ ಹಾಕುತ್ತಾರೆ ಎಂದೂ ನಂಬಬಾರದು. ದೇವರಾಜ ಅರಸರ ಕಾಲದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಬಂತು, ಊರೂರಿಗೆ ಭೂನ್ಯಾಯ ಮಂಡಳಿಗಳು ಬಂದವು, ಗೇಣಿದಾರರು ಅರ್ಜಿ ಕೊಟ್ಟು ಹೊಲದ ಒಡೆಯರಾದರು. 1978ರಲ್ಲಿ ಜನ ಅವರಿಗೆ ಬಹುಮತ ಕೊಟ್ಟರು. ಅದೇ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದ ಮೇಲೆ, 1980ರ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 28ರಲ್ಲಿ 27ನ್ನು ಗೆದ್ದಿತು, ಅರಸರ ಪಕ್ಷಕ್ಕೆ ಒಂದೂ ಸಿಗಲಿಲ್ಲ. ನಮ್ಮ ತಂದೆಯವರಿಗೂ ಎರಡು ಎಕರೆ ಎರೆಹೊಲ ಆ ಕಾನೂನಿನಿಂದಲೇ ಬಂದದ್ದು. ಮನೆಯಲ್ಲಿ ಅರಸರ ಫೋಟೋ ಇತ್ತು, ಮತ ಮಾತ್ರ ಇಂದಿರಮ್ಮನಿಗೆ ಹೋಯಿತು. ಏಕೆಂದು ನಾನು ಕೇಳಿದಾಗ, ಹೊಲ ಈಗ ನಮ್ಮ ಹೆಸರಿನಲ್ಲಿದೆ, ಅದನ್ನು ಯಾರೂ ಕಸಿದುಕೊಳ್ಳಲಾರರು ಎಂದರು ತಂದೆ. ಆ ಉತ್ತರದ ಅರ್ಥ ನನಗೆ ಹೊಳೆಯಲು ಬಹಳ ವರ್ಷ ಬೇಕಾದವು.

ಮುಧೋಳ ತಾಲ್ಲೂಕಿನ ರೈತ:

ಗುರುಗಳೇ, ತಮ್ಮ ತಿದ್ದುಪಡಿಯನ್ನು ತಲೆಬಾಗಿ ಒಪ್ಪುತ್ತೇನೆ. ತಮ್ಮ ತಂದೆಯವರ ಮಾತನ್ನು ಮೂರು ಸಲ ಓದಿದೆ. ಕೊಟ್ಟವರು ಮರೆಯಾದರೂ ಕೊಟ್ಟದ್ದು ಉಳಿಯುವಂತೆ ಮಾಡುವುದೇ ಪ್ರಗತಿಪರ ಕೆಲಸವಾದರೆ, ಅದನ್ನು ಮಾಡಿದವರಿಗೆ ಜನ ಜೀವನಪೂರ್ತಿ ಋಣಿಗಳಾಗಿರಬೇಕಾಗಿಲ್ಲ ಎಂದೂ ಆಗುತ್ತದೆ. ಜನಮರುಳು ಮಾಡುವವರ ದಾರಿ ಇದಕ್ಕೆ ತಿರುಗಾಮುರುಗಾ. ಅಲ್ಲಿ ಪ್ರತಿ ಸಲವೂ ಆ ಮನುಷ್ಯನ ಬಾಗಿಲಿಗೇ ಹೋಗಬೇಕು, ಆತ ಮನಸ್ಸು ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ. ನಮ್ಮೂರ ಮೊದಲನೆಯ ಪೆನಲ್‌ನವರು "ನಾನಿದ್ದೀನಲ್ಲ" ಎಂಬ ಮಾತನ್ನು ಪ್ರತಿ ಭಾಷಣದಲ್ಲೂ ಆಡುತ್ತಿದ್ದರು. ಎರಡನೆಯವರ ಭಾಷಣದಲ್ಲಿ ಗೋಡೆ ಇತ್ತು, ಪಟ್ಟಿ ಇತ್ತು. ಅವರು ನಾಳೆ ಸಂಘದಲ್ಲಿ ಇಲ್ಲದಿದ್ದರೂ ಪಟ್ಟಿ ಎಲ್ಲಿ ಎಂದು ಮುಂದಿನವರನ್ನು ಕೇಳಬಹುದು.

ಸವದತ್ತಿ ತಾಲ್ಲೂಕಿನ ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ:

ಸಹೋದರರೆಲ್ಲ ಹಳೆಯ ಚುನಾವಣೆಗಳ ಮಾತಾಡುತ್ತಿದ್ದೀರಿ. ನಾನು ನಿಂತು ಸೋತು, ಮತ್ತೆ ನಿಂತು ಗೆದ್ದವಳು, ಆದ್ದರಿಂದ ನನ್ನದನ್ನೇ ಹೇಳುತ್ತೇನೆ.

2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ನಾನು ಮೊದಲ ಸಲ ನಿಂತಾಗ ನನ್ನ ಎದುರಾಳಿಯ ಪರವಾಗಿ ಓಡಾಡಿದವರು ಆಕೆಯ ಗಂಡ. ಗುಡಿಗೆ ಕಳಸ ಮಾಡಿಸುತ್ತೇನೆ, ಓಣಿಗೊಂದು ಸಮುದಾಯ ಭವನ ಕಟ್ಟಿಸುತ್ತೇನೆ, ನಮ್ಮವರ ಮಾನ ಉಳಿಸುತ್ತೇನೆ ಎಂದು ಅವರು ಮನೆಮನೆಗೆ ಹೇಳಿ ಬಂದರು. ನಾನು ನಲ್ಲಿಯ ಮಾತಾಡಿದೆ, ಕತ್ತಲಾದ ಮೇಲೆ ಬಯಲಿಗೆ ಹೋಗುವ ಹೆಣ್ಣುಮಕ್ಕಳಿಗೆ ದಾರಿಯಲ್ಲಿ ದೀಪ ಬೇಕೆಂದೆ. ಗಂಡಸರ ಮುಂದೆ ಆ ಮಾತಾಡಿದ್ದೇ ತಪ್ಪಾಯಿತು, ನಾಚಿಕೆಗೆಟ್ಟವಳು ಎಂದರು. ಸೋತೆ. ಮನೆಯಲ್ಲಿ ನಾಲ್ಕು ದಿನ ಯಾರೂ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಸೋತ ಮೇಲೂ ನಾನು ಗ್ರಾಮಸಭೆಗೆ ಹೋಗುವುದನ್ನು ಬಿಡಲಿಲ್ಲ. ದೀಪಕ್ಕೆಂದು ಬರೆದ ಹಣ ಯಾವ ಕಂಬಕ್ಕೆ ಹೋಯಿತು, ಉದ್ಯೋಗ ಖಾತರಿಯ ಹಾಜರಿಪಟ್ಟಿಯಲ್ಲಿ ನಮ್ಮ ಓಣಿಯ ಯಾರ ಹೆಸರಿದೆ, ಅವರು ಕೆಲಸಕ್ಕೆ ಬಂದಿದ್ದರೇ ಎಂದು ಎದ್ದು ನಿಂತು ಕೇಳುತ್ತಿದ್ದೆ. ಮೊದಮೊದಲು ಕೈಕಾಲು ನಡುಗುತ್ತಿದ್ದವು. ಎರಡನೆಯ ವರ್ಷ ನನ್ನ ಹಿಂದೆ ಇಬ್ಬರು ಬಂದು ಕುಳಿತರು, ಮೂರನೆಯ ವರ್ಷ ಒಂದು ಸಾಲು. ಮುಂದಿನ ಚುನಾವಣೆಯಲ್ಲಿ ನಾನು ಹೊಸ ಭರವಸೆ ಯಾವುದನ್ನೂ ಕೊಡಲಿಲ್ಲ. ಅದೇ ದೀಪ, ಅದೇ ನಲ್ಲಿ. ಈ ಸಲ ಓಣಿಯ ಹೆಣ್ಣುಮಕ್ಕಳೇ ಆ ಮಾತನ್ನು ತಮ್ಮ ತಮ್ಮ ಗಂಡಂದಿರಿಗೆ ಹೇಳಿದರು. ಅಂದರೆ ಜನ ನನ್ನ ಮಾತು ಕೇಳಿ ಮತ ಹಾಕಿದರು ಎಂದು ನಾನು ಹೇಳುವುದಿಲ್ಲ. ಕೇಳುವುದು ಹೇಗೆಂದು ಅವರೂ ಕಲಿತಿದ್ದರು, ಹಾಗೆ ಕೇಳುವವಳೊಬ್ಬಳು ಒಳಗಿರಲಿ ಎಂದು ಕಳಿಸಿದರು.

ಇನ್ನೊಂದು ಮಾತು. ಬಡವರ ಕೈಗೆ ಏನಾದರೂ ಕೊಟ್ಟರೆ ಅದನ್ನೇ ಜನಮರುಳು ಎಂದು ಕರೆಯುವ ರೂಢಿ ಓದಿದವರಲ್ಲಿದೆ, ಅದನ್ನು ನಾನು ಒಪ್ಪುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆ ಉಚಿತವಾಯಿತು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿತು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಅದೇ ಊರಿನ ಆಸ್ಪತ್ರೆಗೂ ಹೋಗಿ ಬರುವ ಮುದುಕಿಯರನ್ನು ನಾನು ಬಲ್ಲೆ. ಕಂತು ತಡವಾದಾಗ ನಮ್ಮ ಹೆಣ್ಣುಮಕ್ಕಳು ಕಚೇರಿಗೆ ಹೋಗಿ ಯಾವ ತಿಂಗಳದ್ದು ಬಂದಿಲ್ಲ ಎಂದು ಬೆರಳು ಮಡಚಿ ಲೆಕ್ಕ ಹೇಳಿ ಕೇಳಿದ್ದಾರೆ. ಇಷ್ಟು ರೂಪಾಯಿ, ಇಂಥವರಿಗೆ, ಇಂಥ ತಿಂಗಳು ಎಂದು ಬರೆದು ಕೊಟ್ಟ ಮಾತಾದ್ದರಿಂದ ಅದನ್ನು ಕೇಳಲು ಬರುತ್ತದೆ. ನಮ್ಮವರ ಮಾನ ಉಳಿಸುತ್ತೇನೆ ಎಂದವರನ್ನು ಯಾವ ಕಚೇರಿಗೆ ಹೋಗಿ, ಯಾವ ತಿಂಗಳ ಮಾನ ಬಂದಿಲ್ಲ ಎಂದು ಕೇಳಬೇಕು?

ಬೆಳಗಾವಿಯ ಓದುಗ:

ಎಲ್ಲ ಸರಿ. ಮತದ ಹಿಂದಿನ ರಾತ್ರಿ ಹಣ ಹಂಚದೆ ಗೆದ್ದವರನ್ನು ಯಾರಾದರೂ ತೋರಿಸಿ.

ಸವದತ್ತಿ ತಾಲ್ಲೂಕಿನ ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ:

ತಮ್ಮಾ, ನಾನು ಹಂಚಿಲ್ಲ, ಹಂಚಲು ನನ್ನಲ್ಲಿ ಇರಲೂ ಇಲ್ಲ. ಎದುರಿನವರು ಹಂಚಿದರು. ತೆಗೆದುಕೊಂಡವರಲ್ಲಿ ಹಲವರು ನನಗೇ ಹಾಕಿದರೆಂಬುದು ಎಣಿಕೆಯ ದಿನ ತಿಳಿಯಿತು. ಎಲ್ಲ ಊರಲ್ಲೂ ಹೀಗಾಗುತ್ತದೆ ಎಂದು ನಾನು ಹೇಳಲಾರೆ, ದೊಡ್ಡ ಚುನಾವಣೆಗಳಲ್ಲಿ ಹಣದ ಬಲ ಬಹಳ ಇದೆ, ಅದು ನನಗೂ ಸಂಕಟದ ಸಂಗತಿ.

ಮೂಡಲಗಿಯ ಕಬ್ಬು ಬೆಳೆಗಾರ:

ಅಕ್ಕನವರು ಹೇಳಿದ, ಕೇಳಲು ಬರುವ ಮಾತು ಎಂಬುದನ್ನೇ ಹಿಡಿದು ಕಬ್ಬಿನ ವಿಚಾರ ಬರೆಯುತ್ತೇನೆ. ನಮ್ಮ ಸೀಮೆಯಲ್ಲಿ ಯಾವ ಚುನಾವಣೆ ಬಂದರೂ ಟನ್ನಿಗೆ ನಾಲ್ಕು ಸಾವಿರ ಕೊಡಿಸುತ್ತೇನೆ, ಐದು ಸಾವಿರ ಕೊಡಿಸುತ್ತೇನೆ ಎನ್ನುವವರಿಗೆ ಬರಗಾಲವಿಲ್ಲ. ಹೇಳುವವರಿಗೂ ಗೊತ್ತು, ಕಬ್ಬಿನ ಎಫ್‌ಆರ್‌ಪಿಯನ್ನು, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರವನ್ನು, ನಿಗದಿ ಮಾಡುವುದು ಕೇಂದ್ರ ಸರ್ಕಾರ. 2025-26ರ ಹಂಗಾಮಿಗೆ ಅದು ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಕೇಳಿದರೆ ಟನ್ನಿಗೆ 3,550 ಎಂದು ಕಿವಿಗೆ ಇಂಪಾಗುತ್ತದೆ. ಆದರೆ ಅದು ಕಾರ್ಖಾನೆಯ ಬಾಗಿಲಿಗೆ ತಂದು ಹಾಕಿದ ಕಬ್ಬಿನ ದರ. ಕಾರ್ಖಾನೆಯವರೇ ಗ್ಯಾಂಗ್ ಕಳಿಸಿ ಕಡಿಸಿ ಸಾಗಿಸಿದರೆ ಆ ಖರ್ಚು ಅದರಲ್ಲೇ ಮುರಿದುಹೋಗುತ್ತದೆ. ಇಳುವರಿ ಕಡಿಮೆ ಬಂತೆಂದರೆ ದರ ಇನ್ನೂ ಇಳಿಯುತ್ತದೆ, ಆ ಇಳುವರಿಯನ್ನು ಅಳೆಯುವವರೂ ಕಾರ್ಖಾನೆಯವರೇ.

2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲುರಾತ್ರಿ ಕುಳಿತದ್ದನ್ನು ತಾವೆಲ್ಲ ಬಲ್ಲಿರಿ. ನಾನೂ ಅಲ್ಲಿದ್ದೆ. ಬೇಡಿಕೆ ಟನ್ನಿಗೆ 3,500 ರೂಪಾಯಿ ಇತ್ತು, ಕೊನೆಗೆ ಸರ್ಕಾರ 3,300 ಎಂದು ಘೋಷಿಸಿತು. ರೊಟ್ಟಿ ಬುತ್ತಿ ಅಕ್ಕಪಕ್ಕದ ಹಳ್ಳಿಗಳಿಂದ ಬರುತ್ತಿತ್ತು, ಚಳಿಗೆ ಕಂಬಳಿ ಹೊದ್ದು ರಸ್ತೆಯ ಮೇಲೆಯೇ ಮಲಗುತ್ತಿದ್ದೆವು. ಅಲ್ಲಿ ಒಂದು ರಾತ್ರಿ ನಾವು ಏಳೆಂಟು ಮಂದಿ ಕುಳಿತು ಮಾತಾಡಿದ್ದು ಇದನ್ನೇ. ದರ ಹೆಚ್ಚು ಕೊಡಿಸುತ್ತೇನೆ ಎಂದು ಗೆದ್ದುಹೋದವರು ಯಾರೂ ನಮ್ಮಲ್ಲಿ ಯಾರಿಗೂ ಕಬ್ಬು ನಿಯಂತ್ರಣ ಆಜ್ಞೆಯ ಒಂದು ಸಾಲನ್ನೂ ಓದಿ ಹೇಳಿರಲಿಲ್ಲ. 1966ರ ಆ ಆಜ್ಞೆಯಲ್ಲಿ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಿ ಕೊಡಬೇಕು ಎಂದಿದೆ. ನಮ್ಮ ಮನೆಗೆ ಒಂದು ವರ್ಷ ಐದು ತಿಂಗಳು ತಡವಾಗಿ ಬಿಲ್ಲು ಬಂತು, ಬಡ್ಡಿ ಎಂಬ ಶಬ್ದವನ್ನೇ ಯಾರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ, ಏಕೆಂದರೆ ಕೇಳಬಹುದೆಂದು ಗೊತ್ತಿರಲಿಲ್ಲ.

ಈಗ ಒಬ್ಬರು ಬಂದು, ನಾನು ದರ ಏರಿಸುತ್ತೇನೆಂದು ಸುಳ್ಳು ಹೇಳುವುದಿಲ್ಲ, ಆದರೆ ಕಾಟಾದ ತೂಕವನ್ನು ರೈತ ಹೊರಗೆ ಬೇರೆಡೆ ಮಾಡಿಸಿಕೊಂಡು ಬಂದರೂ ಅವನ ಗಾಡಿ ಒಳಗೆ ಬಿಡಬೇಕು, ಹದಿನೈದನೆಯ ದಿನದಿಂದ ಬಡ್ಡಿ ಬರೆಯಬೇಕು, ಇದಕ್ಕಾಗಿ ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ನಿಮ್ಮ ಜೊತೆ ನಿಲ್ಲುತ್ತೇನೆ ಎಂದರೆ ನಾನು ಅವರಿಗೇ ಹಾಕುತ್ತೇನೆ. ಅವರ ಪಕ್ಷ ಯಾವುದೆಂದು ಆಮೇಲೆ ನೋಡುತ್ತೇನೆ.

ಬೆಳಗಾವಿಯ ಉಪನ್ಯಾಸಕಿ:

ನಗರದವಳಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಜನರನ್ನು ಉದ್ರೇಕಿಸಲು ಸಾಲ ಮನ್ನಾದ ಅಗತ್ಯವಿಲ್ಲ, ಗಡಿ ಸಾಕು. ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿನ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿದೆ, 2004ರಿಂದ ಮಹಾರಾಷ್ಟ್ರದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಬೆಳಗಾವಿ ಕನ್ನಡನಾಡಿನದೆಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಆದರೆ ನನ್ನ ಓಣಿಯಲ್ಲಿ ಅರ್ಧ ಮನೆಗಳು ಮರಾಠಿ ಮಾತಾಡುವವರವು, ಅವರ ಮನೆಯ ಕೊಡವೂ ನನ್ನ ಮನೆಯ ಕೊಡವೂ ಒಂದೇ ನಲ್ಲಿಯ ಕೆಳಗೆ ಕಾಯುತ್ತವೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಜೊತೆಗೆ ಬೆಳಗಾವಿಯ ಕೆಲವು ಭಾಗಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ವ್ಯವಸ್ಥೆ ಬಂತು. ಆ ವಾರ್ಡಿನಲ್ಲಿದ್ದ ನನ್ನ ಅಕ್ಕ ಹಂಡೆ, ಪಿಪಾಯಿಗಳನ್ನೆಲ್ಲ ಅಟ್ಟಕ್ಕೆ ಸೇರಿಸಿದಳು. ನಮ್ಮ ವಾರ್ಡಿನಲ್ಲಿ ನಾವು ಇನ್ನೂ ತುಂಬಿಸಿಡುತ್ತಿದ್ದೆವು. ಅದಾದ ಮೇಲೆ ನಮ್ಮ ಓಣಿಗೆ ಮತ ಕೇಳಲು ಬಂದವರಿಗೆ ಎರಡೂ ಭಾಷೆಯ ಹೆಣ್ಣುಮಕ್ಕಳು ಕೇಳುತ್ತಿದ್ದ ಮೊದಲ ಪ್ರಶ್ನೆ ಬದಲಾಯಿತು. 2013ರಲ್ಲಿ ಜಿಲ್ಲೆಯಲ್ಲಿ ಎರಡು ವಿಧಾನಸಭಾ ಸ್ಥಾನ ಗೆದ್ದಿದ್ದ ಎಂಇಎಸ್, ಅಂದರೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ, 2018ರಲ್ಲಿಯೂ 2023ರಲ್ಲಿಯೂ ಒಂದನ್ನೂ ಗೆಲ್ಲಲಿಲ್ಲ. ಅದಕ್ಕೆ ಒಳಜಗಳ, ರಾಷ್ಟ್ರೀಯ ಪಕ್ಷಗಳ ಸೆಳೆತ ಮುಂತಾದ ಕಾರಣಗಳೂ ಇವೆ, ನೀರೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ನನ್ನ ಓಣಿಯ ಮಟ್ಟಿಗೆ ಕಂಡದ್ದನ್ನು ಹೇಳಿದೆ.

ರಬಕವಿಯ ನೇಕಾರ:

ಎಲ್ಲರೂ ಪ್ರಗತಿಪರರು ಗೆದ್ದ ಕಥೆಗಳನ್ನೇ ಹೇಳುತ್ತಿರುವುದರಿಂದ ನನ್ನೊಳಗಿನ ಒಂದು ನೋವನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಒಳ್ಳೆಯವರು ನಿಂತು ಸೋತದ್ದೇ ಹೆಚ್ಚು. ಅವರ ಮಾತು ಸಭಾಭವನದ ಮಾತಾಗಿರುತ್ತದೆ. ಸಮಾನತೆ, ಸಾಮಾಜಿಕ ನ್ಯಾಯ ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ, ಆ ಶಬ್ದಗಳ ಮೇಲೆ ನನಗೂ ಗೌರವವಿದೆ. ಆದರೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವವನಿಗೆ ನೂಲಿನ ದರ ಯಾರು ಏರಿಸಿದರು, ಸೀರೆಯ ಮಜೂರಿ ಎಷ್ಟು ವರ್ಷದಿಂದ ನಿಂತಲ್ಲೇ ನಿಂತಿದೆ ಎಂಬುದರ ಜೊತೆ ಆ ಶಬ್ದವನ್ನು ಹೊಂದಿಸಿ ಹೇಳುವವರು ಬೇಕು. ಜನಮರುಳು ಮಾಡುವವರು ನಮ್ಮ ಜಾತ್ರೆಗೆ ಬರುತ್ತಾರೆ, ಸತ್ತ ಮನೆಗೆ ಬಂದು ಕೂರುತ್ತಾರೆ, ಮಗಳ ಮದುವೆಗೆ ಅಕ್ಷತೆ ಹಾಕುತ್ತಾರೆ. ಪ್ರಗತಿಪರರು ಕರಪತ್ರ ಕಳಿಸುತ್ತಾರೆ. ನ್ಯಾಮಗೌಡರ ಬಗ್ಗೆ ಗುರುಗಳು ಆಕ್ಷೇಪವೆತ್ತಿದರು, ಅಲೆ ಇತ್ತು ಎಂದರು, ಇರಬಹುದು. 2013ರಲ್ಲಿ ಮತ್ತು 2018ರಲ್ಲಿ ಅವರು ಜಮಖಂಡಿಯಿಂದ ಶಾಸಕರಾಗಿ ಗೆದ್ದಾಗ ಆ ಅಲೆ ಇರಲಿಲ್ಲ. 2018ರ ಮೇ ತಿಂಗಳಲ್ಲಿ, ಗೆದ್ದ ಕೆಲವೇ ದಿನಗಳಲ್ಲಿ, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ಓಣಿಯ ಮಗ್ಗಗಳು ತಾವಾಗಿ ನಿಂತವು. ಅವರ ಪಕ್ಷಕ್ಕೆ ಎಂದೂ ಮತ ಹಾಕದವರೂ ಮಗ್ಗ ನಿಲ್ಲಿಸಿದ್ದರು. ಅವರು ಹೊಳೆಯಲ್ಲಿ ಇಳಿದು ಕಲ್ಲು ಹೊತ್ತವರ ನಡುವೆ ನಿಂತಿದ್ದವರು ಎಂಬ ನೆನಪು ಆ ಜನರಿಗಿತ್ತು.

ವಿಜಯಪುರದ ನಿವೃತ್ತ ಶಿಕ್ಷಕ:

ತಮ್ಮ ಮಾತು ಮನಸ್ಸಿಗೆ ನಾಟಿತು. 2013 ಮತ್ತು 2018ರ ವಿಚಾರದಲ್ಲಿ ನನ್ನ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮುಧೋಳದ ರೈತ ಬಂಧುಗಳಲ್ಲಿ ಒಂದು ಪ್ರಶ್ನೆ: ಗೆದ್ದ ಮೇಲೆ ಏನಾಯಿತು? ಪಟ್ಟಿ ಹಚ್ಚಿದರೇ? ಕೇರಿಯವರ ಸದಸ್ಯತ್ವದ ಮಾತು ಎಲ್ಲಿಗೆ ಬಂತು? ಇಷ್ಟೆಲ್ಲ ಚರ್ಚಿಸಿ ಅದನ್ನು ಕೇಳದಿದ್ದರೆ ತಪ್ಪಾಗುತ್ತದೆ.

ಮುಧೋಳ ತಾಲ್ಲೂಕಿನ ರೈತ:

ಗುರುಗಳೇ, ಕೇಳಿದ್ದು ಒಳ್ಳೆಯದಾಯಿತು, ನಾನಾಗಿಯೇ ಬರೆಯಬೇಕಿತ್ತು.

ಕೇರಿಯವರ ಅರ್ಜಿಗಳನ್ನು ಮಾತು ಕೊಟ್ಟಂತೆ ಮೊದಲ ಸಭೆಯಲ್ಲೇ ತೆಗೆದುಕೊಂಡರು. ಆದರೆ ಮಂಡಳಿಯಲ್ಲಿ ಅವರದೇ ಪೆನಲ್‌ನ ಇಬ್ಬರು ಅಡ್ಡ ನಿಂತರು. ಕಾಗದಪತ್ರ ಸರಿಯಿಲ್ಲ, ಷೇರು ಹಣದ ರಸೀದಿ ಸರಿಯಿಲ್ಲ ಎಂದು ಹಲವು ಅರ್ಜಿಗಳನ್ನು ತಡೆದರು. 6 ಕುಟುಂಬಗಳಿಗೆ ಮಾತ್ರ ಈವರೆಗೆ ಸದಸ್ಯತ್ವ ಸಿಕ್ಕಿದೆ. ಉಳಿದವರಿಗೆ ಲಿಖಿತ ಉತ್ತರ ಕೊಡಿಸಿ, ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಮೇಲ್ಮನವಿ ಹಾಕಲು ಅವರೇ ಬರೆದುಕೊಟ್ಟಿದ್ದಾರೆ. ತಮ್ಮದೇ ಮಂಡಳಿಯ ವಿರುದ್ಧದ ಮನವಿಯನ್ನು ತಮ್ಮ ಕೈಯಿಂದ ಬರೆದುಕೊಟ್ಟದ್ದಕ್ಕೆ ಊರಲ್ಲಿ ಬೈಗುಳವನ್ನೂ ತಿಂದಿದ್ದಾರೆ. ನನ್ನ ಅಳಿಯನೇ ಬೈದ, ಆ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲೂ ಜಗಳವಾಯಿತು.

ಪಟ್ಟಿಯನ್ನು ಹಚ್ಚಿದ್ದಾರೆ. ಸಂಘದ ಕಿಟಕಿಯ ಪಕ್ಕದ ಗೋಡೆಗೆ, ಮಳೆಯ ಎರಚಲು ತಾಗದಂತೆ ತಗಡಿನ ಮರೆ ಹೊಡೆದು, ಬೆಳೆಸಾಲದ ಅರ್ಜಿದಾರರ ಹೆಸರುಗಳನ್ನು ಬರೆದು ಹಚ್ಚಿದ್ದಾರೆ. ಹಣ ಜಮೆಯಾದ ಹೆಸರಿನ ಮುಂದೆ ಕೆಂಪು ಗೆರೆ. ಗುಡಿಯ ಕಟ್ಟೆಯ ಬಳಿ ಮನ್ನಾದ ಬಗ್ಗೆ ಕೇಳಿದ್ದ ಆಯಿಯ ಹೆಸರು 14ನೆಯದು. ಆಕೆಗೆ ಓದಲು ಬರುವುದಿಲ್ಲ, ಮೊಮ್ಮಗನನ್ನು ಕರೆದುಕೊಂಡು ಬಂದು ಮೇಲಿನಿಂದ ಒಂದೊಂದೇ ಹೆಸರು ಓದಿಸಿದಳು. ಆಮೇಲೆ ಕಿಟಕಿಗೆ ಮುಖವಿಟ್ಟು, ನನ್ನಕಿಂತ ಮುಂದಿನ ಹದಿಮೂರು ಮಂದಿಗೂ ಬಂತೇನು ಎಂದು ಕೇಳಿದಳು. ಒಂಬತ್ತು ಮಂದಿಗೆ ಬಂದಿದೆ ಎಂದು ಒಳಗಿನಿಂದ ಉತ್ತರ ಬಂತು. ನಿನ್ನೆ ಹೊಲಕ್ಕೆ ಹೋಗುವಾಗ ನೋಡಿದೆ, ಆಕೆ ಮತ್ತೆ ಗೋಡೆಯ ಮುಂದೆ ನಿಂತಿದ್ದಳು. ಈ ಸಲ ಮೊಮ್ಮಗ ಇರಲಿಲ್ಲ, ಬೆರಳಿನಿಂದ ಕೆಂಪು ಗೆರೆಗಳನ್ನು ಎಣಿಸುತ್ತಿದ್ದಳು.